ಬಡಾವಣೆಯ ಸಾಮೂಹಿಕ ಸೆಪ್ಟಿಕ್ ಟ್ಯಾಂಕ್ ಬಿಟ್ಟು ನಗರದ ಒಳಚರಂಡಿಗೆ (ಯುಜಿಡಿ) ಸೇರುವುದು ಹೇಗೆ?

"ಮುಖ್ಯರಸ್ತೆಗೆ ಯುಜಿಡಿ ಬಂದಿದೆ. ನಮ್ಮ ಬಡಾವಣೆಯ ಟ್ಯಾಂಕಿನ ಔಟ್‌ಲೆಟ್ ಅದಕ್ಕೆ ಜೋಡಿಸಿಬಿಟ್ಟರೆ ಮುಗಿಯಿತಲ್ಲವೇ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮುಗಿಯುವುದಿಲ್ಲ. ಟ್ಯಾಂಕನ್ನು ನಡುವೆ ಉಳಿಸಿಕೊಂಡರೆ ಕೆಸರು ತೆಗೆಸುವ ಖರ್ಚು ಉಳಿಯುತ್ತದೆ, ವಿಷಾನಿಲವೂ ಉಳಿಯುತ್ತದೆ. ತುಂಬಿದ ದಿನ ಅದರ ಕೆಸರು ನಗರದ ಪೈಪಿಗೆ ಇಳಿದು ಕಟ್ಟಿಕೊಳ್ಳುತ್ತದೆ. ಟ್ಯಾಂಕಿಗೆ ಬರುವ ನೀರನ್ನು ಅದರ ಮುಂಚೆಯೇ ತಿರುಗಿಸಿಕೊಂಡು ಹೋಗಬೇಕು. ಹಾಗೆ ತಿರುಗಿಸಲು ಆಗುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ನೆಲದ ಮಟ್ಟ. ಆದ್ದರಿಂದ ಹಣ ಎತ್ತುವ ಮೊದಲು ಲೆವೆಲ್ ಹಿಡಿಸಿ.

ಈ ಲೇಖನ ಮೂವತ್ತರಿಂದ ಅರವತ್ತು ಮನೆಗಳ ಖಾಸಗಿ ಬಡಾವಣೆಗಳಿಗೆ. ಡೆವಲಪರ್ ತಗ್ಗಿನ ಮೂಲೆಯಲ್ಲಿ ಒಂದು ದೊಡ್ಡ ಸೆಪ್ಟಿಕ್ ಟ್ಯಾಂಕ್, ಪಕ್ಕದಲ್ಲಿ ಇಂಗುಗುಂಡಿ ಕಟ್ಟಿ ಕೈ ತೊಳೆದುಕೊಂಡಿರುವ ಬಡಾವಣೆಗಳು ಇವು. 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳ ಸುತ್ತ ಇಂಥವು ಬಹಳ. ಮೈಸೂರು, ತುಮಕೂರು, ಹುಬ್ಬಳ್ಳಿಯ ಹೊರವಲಯದಲ್ಲೂ ಇವೆ. ಲೆಕ್ಕಕ್ಕೆ ಉದ್ದಕ್ಕೂ 40 ಮನೆಗಳ ಬಡಾವಣೆಯೊಂದನ್ನು ಇಟ್ಟುಕೊಳ್ಳೋಣ.

1. ಮೊದಲು ತಿಳಿದುಕೊಳ್ಳಬೇಕಾದದ್ದು: ಪೈಪು ಜೀವಂತವಾಗಿದೆಯೇ?

ರಸ್ತೆಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ಕಂಡ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದಲ್ಲ. ಪೈಪು ಹಾಕಿ, ಮುಂದಿನ ದೊಡ್ಡ ಕೊಳವೆಗೋ ಸಂಸ್ಕರಣಾ ಘಟಕಕ್ಕೋ ಜೋಡಿಸುವುದು ಬಾಕಿ ಇರುವ ಮಾರ್ಗಗಳು ಸಾಕಷ್ಟಿವೆ. ಅಂಥದಕ್ಕೆ ಸೇರಿದರೆ ನಿಮ್ಮ ನೀರು ಎಲ್ಲೋ ಖಾಲಿ ಸೈಟಿನ ಮುಂದೆ ಉಕ್ಕುತ್ತದೆ. ಬೆಂಗಳೂರಿನಲ್ಲಾದರೆ ಜಲಮಂಡಳಿಯ ಉಪವಿಭಾಗದ ಎಂಜಿನಿಯರ್ ಬಳಿ "ಈ ಲೈನ್ ಚಾಲ್ತಿಗೆ ಬಂದಿದೆಯೇ, ಯಾವ ಘಟಕಕ್ಕೆ ಹೋಗುತ್ತದೆ" ಎಂದು ಬರಹದಲ್ಲಿ ಕೇಳಿ. ಬೇರೆ ಊರುಗಳಲ್ಲಿ ಸಾಮಾನ್ಯವಾಗಿ ಪೈಪು ಹಾಕುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಸಂಪರ್ಕ ಕೊಟ್ಟು ನಡೆಸಿಕೊಂಡು ಹೋಗುವುದು ಪಾಲಿಕೆ ಅಥವಾ ನಗರಸಭೆ. ಅರ್ಜಿ ಯಾರಿಗೆ ಕೊಡಬೇಕೆಂಬ ಗೊಂದಲದಲ್ಲೇ ಕೆಲವರ ತಿಂಗಳುಗಳು ಕಳೆಯುತ್ತವೆ. ಅರ್ಜಿ ಹೋಗಬೇಕಾದದ್ದು ನಡೆಸುವವರಿಗೆ. ಮುಂದೆ ಬರೀ 'ಮಂಡಳಿ' ಎಂದಲ್ಲೆಲ್ಲ ಈ ನಡೆಸುವವರು ಎಂದೇ ಅರ್ಥ.

ಇದೇ ಹಂತದಲ್ಲಿ ಇನ್ನೆರಡು ಕಾಗದ ಹುಡುಕಿಡಿ. ಬಡಾವಣೆಯ ರಸ್ತೆಗಳು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗಿವೆಯೇ? ಟ್ಯಾಂಕ್ ಇರುವ ಜಾಗ ಯಾರ ಹೆಸರಿನಲ್ಲಿದೆ: ಪಾರ್ಕೋ, ಸಿಎ ನಿವೇಶನವೋ (ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ), ಯಾರದ್ದೋ ಖಾಸಗಿ ಸೈಟೋ? ಹಸ್ತಾಂತರ ಆಗದಿದ್ದರೆ ಒಳಗಿನ ಪೈಪುಗಳ ಹೊಣೆ ನಿಮ್ಮದೇ. ನಗರದವರು ಮುಖ್ಯರಸ್ತೆಯ ಮ್ಯಾನ್‌ಹೋಲಿನವರೆಗೆ ಮಾತ್ರ ನೋಡಿಕೊಳ್ಳುತ್ತಾರೆ.

ಒಂದು ಎಚ್ಚರಿಕೆ. "ಅಷ್ಟು ದೂರ ಯಾಕೆ ಸಾರ್, ಪಕ್ಕದ ಮಳೆನೀರು ಮೋರಿಗೆ ಬಿಟ್ಟುಬಿಡೋಣ" ಎನ್ನುವ ಗುತ್ತಿಗೆದಾರರು ಸಿಗುತ್ತಾರೆ. ಮೋರಿಗೂ ರಾಜಕಾಲುವೆಗೂ ಮಲಿನ ನೀರು ಬಿಡುವುದು ಕಾನೂನುಬಾಹಿರ. ಸಿಕ್ಕಿಬಿದ್ದಾಗ ನೋಟಿಸ್ ಬರುವುದು ಸಂಘದ ಹೆಸರಿಗೆ, ಗುತ್ತಿಗೆದಾರನಿಗಲ್ಲ.

2. ಲೆವೆಲ್: ಇಡೀ ಕೆಲಸದ ಹಣೆಬರಹ

ಕೊಳಚೆ ನೀರು ತಾನಾಗಿ ಹರಿಯಬೇಕು, ಅದಕ್ಕೆ ವಾಟ, ಅಂದರೆ ಪೈಪಿನ ಇಳಿಜಾರು, ಬೇಕು. ಅಳೆಯಬೇಕಾದದ್ದು ರಸ್ತೆಯ ಇಳಿಜಾರನ್ನಲ್ಲ, ಪೈಪಿನ ಒಳತಳದ ಮಟ್ಟವನ್ನು. ಎಂಜಿನಿಯರುಗಳು ಇದಕ್ಕೆ ಇನ್ವರ್ಟ್ ಲೆವೆಲ್ ಎನ್ನುತ್ತಾರೆ. ಆಟೋ ಲೆವೆಲ್ ಯಂತ್ರವಿರುವ ಸರ್ವೇಯರ್ ಒಬ್ಬರು ಇಡೀ ಬಡಾವಣೆಯನ್ನು ಒಂದು ದಿನದಲ್ಲಿ ಅಳೆದುಕೊಡುತ್ತಾರೆ. ಈ ಖರ್ಚು ಉಳಿಸಲು ಹೋಗಬೇಡಿ.

ಲೆಕ್ಕ ಹೀಗೆ. ಟ್ಯಾಂಕಿನ ಪಕ್ಕದ ನೆಲವನ್ನು 100.00 ಮೀಟರ್ ಎಂದು ಹಿಡಿಯಿರಿ. ಟ್ಯಾಂಕಿಗೆ ಬರುವ ಪೈಪಿನ ಒಳತಳ ಅದಕ್ಕಿಂತ 1.20 ಮೀಟರ್ ಕೆಳಗಿದ್ದರೆ ಅದರ ಮಟ್ಟ 98.80. ಅಲ್ಲಿಂದ ನಗರದ ಮ್ಯಾನ್‌ಹೋಲಿಗೆ 140 ಮೀಟರ್ ದೂರ. 6 ಇಂಚಿನ ಪೈಪಿಗೆ ನೂರಕ್ಕೆ ಒಂದರ ವಾಟ ಕೊಟ್ಟರೆ 1.40 ಮೀಟರ್ ಇಳಿತ. ದಾರಿಯಲ್ಲಿ 5 ಮ್ಯಾನ್‌ಹೋಲ್, ಒಂದೊಂದರಲ್ಲಿ 3 ಸೆಂ.ಮೀ. ಇಳಿತ ಕೊಡಬೇಕು, ಒಟ್ಟು 0.15. ಅಂದರೆ ನಿಮ್ಮ ಪೈಪು ನಗರದ ಮ್ಯಾನ್‌ಹೋಲ್ ಮುಟ್ಟುವಾಗ 97.25ರಲ್ಲಿರುತ್ತದೆ.

ಇಲ್ಲಿ ಹಲವರು ಎಡವುತ್ತಾರೆ. ನಗರದ ಪೈಪಿನ ತಳವೂ 97.25 ಇದ್ದರೆ ಸಾಕು ಎಂದುಕೊಳ್ಳುತ್ತಾರೆ. ಸಾಲದು. ಚಿಕ್ಕ ಪೈಪು ದೊಡ್ಡದಕ್ಕೆ ಸೇರುವಾಗ ಎರಡರ ತಲೆಗಳು, ಅಂದರೆ ಒಳ ಮೇಲ್ಭಾಗಗಳು, ಸಮವಾಗಿರಬೇಕು. ಇಲ್ಲದಿದ್ದರೆ ದೊಡ್ಡ ಪೈಪು ತುಂಬಿ ಹರಿಯುವ ಹೊತ್ತಿನಲ್ಲಿ ನೀರು ನಿಮ್ಮ ಕಡೆಗೆ ಹಿಂದೊತ್ತುತ್ತದೆ. ನಗರದ್ದು 300 ಮಿ.ಮೀ., ನಿಮ್ಮದು 150 ಮಿ.ಮೀ. ಆದರೆ ಅದರ ತಳ ನಿಮ್ಮದಕ್ಕಿಂತ ಇನ್ನೂ 15 ಸೆಂ.ಮೀ. ಕೆಳಗೆ, 97.10ರಲ್ಲಿ ಇರಬೇಕು. ಆ ಮ್ಯಾನ್‌ಹೋಲಿನ ಮುಚ್ಚಳದ ಮಟ್ಟ 99.40 ಇದ್ದು ಆಳ 2.30 ಮೀಟರ್ ಬಂದರೆ ಸರಿಯಾಗಿ ಕೂಡಿಬರುತ್ತದೆ. ಆಳ 1.80 ಮಾತ್ರ ಎಂದಾದರೆ ಅರ್ಧ ಮೀಟರ್ ಕೊರತೆ. ಮುಚ್ಚಳ ತೆಗೆಯುವುದು, ಅಳತೆ ಕೋಲು ಇಳಿಸುವುದು ಮಂಡಳಿಯ ಸಿಬ್ಬಂದಿಯ ಕೆಲಸ. ನೀವು ಬಗ್ಗಿ ನೋಡಬೇಡಿ.

ಕೊರತೆ ಬಂದರೆ ನೋಡಬೇಕಾದ ದಾರಿಗಳನ್ನು ಈ ಕ್ರಮದಲ್ಲೇ ನೋಡಿ. ಮೊದಲು, ಅದೇ ರಸ್ತೆಯಲ್ಲಿ ಇನ್ನೂ ಇಳಿಜಾರಿನಲ್ಲಿರುವ ಬೇರೆ ಮ್ಯಾನ್‌ಹೋಲ್. ಎರಡನೆಯದು, ಟ್ಯಾಂಕಿನ ಬಳಿಗೆ ಬರುವ ಮುಂಚೆಯೇ, ಎತ್ತರದ ಚೇಂಬರಿನಲ್ಲಿ ಬಹುಪಾಲು ಮನೆಗಳ ನೀರನ್ನು ತಿರುಗಿಸುವುದು. ಆಗ ತಗ್ಗಿನ ಎಂಟು ಹತ್ತು ಮನೆಗಳಿಗಷ್ಟೇ ಬೇರೆ ವ್ಯವಸ್ಥೆ ಬೇಕಾಗುತ್ತದೆ. ಪಂಪು ಕೊನೆಯ ದಾರಿ. ಪಂಪು ಎಂದರೆ ಎರಡು ಸಬ್‌ಮರ್ಸಿಬಲ್ ಸೀವೇಜ್ ಪಂಪು (ಒಂದು ಕೆಟ್ಟರೆ ಇನ್ನೊಂದು), ಕನಿಷ್ಠ 80 ಮಿ.ಮೀ. ಏರುಕೊಳವೆ, ಹಿಂದಿರುಗುವ ನೀರು ತಡೆಯುವ ವಾಲ್ವ್, ಜನರೇಟರ್, ತಿಂಗಳ ಕರೆಂಟ್ ಬಿಲ್ಲು, ಜೊತೆಗೆ ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕೆಂಬ ಪ್ರಶ್ನೆ.

ವಾಟ ಕಡಿಮೆ ಮಾಡಿ ಹೊಂದಿಸೋಣ ಎಂಬ ಸಲಹೆಯೂ ಬರುತ್ತದೆ, ದಪ್ಪ ಪೈಪು ಹಾಕಿದರೆ ಸರಿಹೋಗುತ್ತದೆ ಎಂದೂ ಹೇಳುತ್ತಾರೆ. ಎರಡೂ ತಪ್ಪು. ನಿಮ್ಮ 40 ಮನೆಗಳಿಂದ ಬರುವ ನೀರೆಷ್ಟು ನೋಡಿ. ಮನೆಗೆ 5 ಜನ, ತಲೆಗೆ ದಿನಕ್ಕೆ 135 ಲೀಟರ್, ಅದರಲ್ಲಿ ಶೇ. 80 ಚರಂಡಿಗೆ: ದಿನಕ್ಕೆ 21,600 ಲೀಟರ್. ಸರಾಸರಿ ಸೆಕೆಂಡಿಗೆ ಕಾಲು ಲೀಟರ್. ಬೆಳಗಿನ ಹೊತ್ತಿಗೆ ಅದರ ಮೂರು ಪಟ್ಟು ಎಂದರೂ ಮುಕ್ಕಾಲು ಲೀಟರ್. ಇಷ್ಟು ಕಡಿಮೆ ನೀರು 8 ಇಂಚಿನ ಪೈಪಿನಲ್ಲಿ ತೆಳ್ಳಗೆ ಹರಡಿಕೊಂಡು ಹೋಗುತ್ತದೆ, ಗಟ್ಟಿ ಪದಾರ್ಥ ಅಲ್ಲೇ ಕೂತುಬಿಡುತ್ತದೆ. 6 ಇಂಚೇ ಇರಲಿ. ವಾಟ ನೂರಕ್ಕೆ ಒಂದಕ್ಕಿಂತ ಕಡಿಮೆ ಆಗದಿರಲಿ. ನೆಲ ಅನುಕೂಲ ಕೊಟ್ಟರೆ ಅರವತ್ತಕ್ಕೆ ಒಂದು ಇನ್ನೂ ಚೆನ್ನು.

3. ಒಳಗಿನ ಹಳೆಯ ಪೈಪು ಉಳಿಸಿಕೊಳ್ಳಬಹುದೇ?

ಮನೆಗಳಿಂದ ಟ್ಯಾಂಕಿಗೆ ಈಗಾಗಲೇ ಒಂದು ಜಾಲ ಇದೆ. ಅದನ್ನು ಪೂರ್ತಿ ಕಿತ್ತುಹಾಕಬೇಕೆಂದೇನಿಲ್ಲ. ರಭಸವಾಗಿ ನೀರು ಚಿಮ್ಮುವ ಜೆಟ್ಟಿಂಗ್ ಮಷೀನಿನಿಂದ ಒಮ್ಮೆ ತೊಳೆಸಿ, ಪ್ರತಿ ಚೇಂಬರಿನ ಮಟ್ಟ ಹಿಡಿಸಿ. ವಾಟ ಸರಿಯಿದ್ದು ಜಾಯಿಂಟು ಗಟ್ಟಿಯಿದ್ದರೆ ಇಟ್ಟುಕೊಳ್ಳಿ. ಸಿಮೆಂಟ್ ಜಾಯಿಂಟಿನ ಹಳೆಯ ಕಲ್ಲುಮಣ್ಣಿನ ಪೈಪಿನೊಳಗೆ ಬೇರು ನುಗ್ಗಿದ್ದರೆ, ಅಥವಾ 4 ಇಂಚಿನ ಪೈಪಿಗೆ ಇಡೀ ಬೀದಿ ಸೇರಿದ್ದರೆ ಬದಲಿಸಿ. ಚಾವಣಿಯ ಮಳೆನೀರು ಈ ಜಾಲಕ್ಕೆ ಸೇರಿದೆಯೇ ಎಂಬುದನ್ನೂ ಈಗಲೇ ಹುಡುಕಿ: ಮಹಡಿಯ ಮೇಲೆ ಒಂದು ಬಕೆಟ್ ಬಣ್ಣದ ನೀರು ಸುರಿದು ಕೆಳಗಿನ ಚೇಂಬರ್ ನೋಡಿದರೆ ಸಾಕು. ಸೇರಿದ್ದರೆ ಕಡಿದು ಮಳೆನೀರಿನ ಇಂಗುಗುಂಡಿಗೋ ಸಂಪಿಗೋ ತಿರುಗಿಸಬೇಕು. ಜೋರು ಮಳೆ ಬಂದ ದಿನ ಒಂದು ಮನೆಯ ಚಾವಣಿ ನೀರೇ ಇಡೀ ಬಡಾವಣೆಯ ಕೊಳಚೆಗಿಂತ ಹೆಚ್ಚಾಗಿ, ತಗ್ಗಿನ ಮನೆಯ ಬಚ್ಚಲಿನಲ್ಲಿ ಉಕ್ಕುತ್ತದೆ.

4. ಸಂಘ, ಹಣ, ಸಹಿ

ಪೈಪಿಗಿಂತ ಇದು ಕಷ್ಟ. ಅರ್ಜಿ ಸಂಘದ ಹೆಸರಿನಲ್ಲಿ ಹೋಗಬೇಕಾದರೆ ಅದು ನೋಂದಣಿ ಆಗಿರಬೇಕು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯ ಕ್ಷೇಮಾಭಿವೃದ್ಧಿ ಸಂಘ ಸಾಕು. ಆದರೆ ಸಂಪರ್ಕ, ಶುಲ್ಕ, ತಿಂಗಳ ಬಿಲ್ಲು ಮನೆ ಮನೆಗೂ ಬೇರೆ. ಪ್ರತಿ ಮನೆಯಿಂದ ಖಾತಾ ನಕಲು, ಚಾಲ್ತಿ ವರ್ಷದ ಆಸ್ತಿ ತೆರಿಗೆ ರಸೀದಿ, ಗುರುತಿನ ಚೀಟಿ, ಇದ್ದರೆ ನೀರಿನ ಸಂಪರ್ಕದ ಸಂಖ್ಯೆ ಸಂಗ್ರಹಿಸಿ. ಬೋರ್‌ವೆಲ್ ನೀರನ್ನೇ ಬಳಸುವವರೂ ಒಳಚರಂಡಿಗೆ ಸೇರಿದ ಮೇಲೆ ನೈರ್ಮಲ್ಯ ಶುಲ್ಕ ಕಟ್ಟಬೇಕು. ಇದನ್ನು ಮೊದಲ ಸಭೆಯಲ್ಲೇ ಹೇಳಿಬಿಡಿ, ಆಮೇಲೆ ಹೇಳಿದರೆ ಮೋಸ ಮಾಡಿದಿರಿ ಎನ್ನುತ್ತಾರೆ.

ಖರ್ಚನ್ನು ಮೂರು ಭಾಗ ಮಾಡಿ. ಟ್ಯಾಂಕಿನಿಂದ ನಗರದ ಮ್ಯಾನ್‌ಹೋಲಿನವರೆಗಿನ ಸಾಮಾನ್ಯ ಮಾರ್ಗ, ರಸ್ತೆ ಅಗೆತದ ಶುಲ್ಕ ಮತ್ತು ಹಳೆ ಟ್ಯಾಂಕ್ ಮುಚ್ಚುವ ಖರ್ಚು: ಎಲ್ಲ ನಿವೇಶನಗಳಿಗೂ ಸಮಪಾಲು. ಮನೆಯ ಚೇಂಬರಿನಿಂದ ಬೀದಿಯ ಮ್ಯಾನ್‌ಹೋಲಿನವರೆಗೆ: ಆಯಾ ಮನೆಯವರದು. ಮಂಡಳಿಗೆ ಕಟ್ಟುವ ಶುಲ್ಕ: ಕಟ್ಟಡದ ಅಳತೆಯ ಮೇಲೆ ಮಂಡಳಿಯೇ ಹಾಕುವುದರಿಂದ ಅದೂ ಅವರವರದು. ಸೈಟಿನ ಅಳತೆಗೆ ತಕ್ಕ ಪಾಲು ನ್ಯಾಯವೆಂದು ವಾದಿಸುವವರು ಇರುತ್ತಾರೆ. 30x40ರ ಮನೆಗೂ 40x60ರ ಮನೆಗೂ ಬೇಕಾಗುವ ಸಾಮಾನ್ಯ ಪೈಪು ಒಂದೇ, ಹಾಗಾಗಿ ಸಮಪಾಲೇ ಗಟ್ಟಿ ವಾದ.

ಜಗಳ ಹುಟ್ಟುವುದು ಎರಡು ಕಡೆ. ಎತ್ತರದ ಮನೆಯವರು "ನಮಗೇನೂ ತೊಂದರೆ ಇಲ್ಲ, ತಗ್ಗಿನವರು ಮಾಡಿಸಿಕೊಳ್ಳಲಿ" ಎನ್ನುತ್ತಾರೆ. ತಗ್ಗಿನಲ್ಲಿ ಉಕ್ಕುವುದು ಎತ್ತರದವರ ನೀರೇ ಎಂಬುದನ್ನು ಲೆವೆಲ್ ನಕ್ಷೆ ಹರಡಿ ತೋರಿಸಿ, ಬಾಯಿಮಾತಿಗಿಂತ ಅದು ಬೇಗ ಕೆಲಸ ಮಾಡುತ್ತದೆ. ಎರಡನೆಯದು ಖಾಲಿ ಸೈಟುಗಳು. ಅವರು ಈಗ ಹಣ ಕೊಡುವುದಿಲ್ಲ. ಆದರೆ ಅವರ ಸೈಟಿನ ಮುಂದೆ ಈಗಲೇ ಒಂದು ಕವಲು ಬಿಟ್ಟು ಮುಚ್ಚಿಡಿ, ಮನೆ ಕಟ್ಟುವಾಗ ಪಾಲು ಕೊಟ್ಟೇ ಸೇರಬೇಕೆಂದು ನಡಾವಳಿಯಲ್ಲಿ ಬರೆದು ಸಹಿ ಮಾಡಿಸಿ. ನಾಳೆ ಹೊಸ ರಸ್ತೆ ಒಡೆಯುವ ಕಷ್ಟ ತಪ್ಪುತ್ತದೆ.

ರಸ್ತೆ ಅಗೆಯುವ ಅನುಮತಿ ಪ್ರತ್ಯೇಕ. ಮಂಡಳಿ ಸಂಪರ್ಕ ಮಂಜೂರು ಮಾಡಿದರೂ ಪಾಲಿಕೆಯ ಅನುಮತಿ ಇಲ್ಲದೆ ಜೆಸಿಬಿ ಇಳಿಸಬೇಡಿ. ಹೊಸದಾಗಿ ಡಾಂಬರು ಹಾಕಿದ ರಸ್ತೆಗೆ ಅನುಮತಿ ಸಿಗುವುದು ಕಷ್ಟ, ಆದ್ದರಿಂದ ಡಾಂಬರೀಕರಣದ ಸುದ್ದಿ ಬಂದ ಕೂಡಲೇ ಅರ್ಜಿ ಹಾಕಿ.

5. ಸಾಮಾನು

ಮೇಲಿನ 140 ಮೀಟರಿಗೆ ಬೇಕಾದದ್ದು:

- 160 ಮಿ.ಮೀ. ಹೊರವ್ಯಾಸದ ಯುಪಿವಿಸಿ ಒಳಚರಂಡಿ ಪೈಪು, ಐಎಸ್ 15328 (ಭಾರತೀಯ ಮಾನಕ) ಮುದ್ರೆಯದು, 6 ಮೀಟರಿನ 26 ತುಂಡು (ಲೆಕ್ಕಕ್ಕೆ 24, ಕತ್ತರಿಸಲು 2). ರಸ್ತೆಯ ಕೆಳಗೆ ಎಸ್‌ಎನ್ 8 ದರ್ಜೆ. ಎಸ್‌ಎನ್ ಎಂದರೆ ಮೇಲಿನ ಭಾರಕ್ಕೆ ಪೈಪು ಚಪ್ಪಟೆಯಾಗದೆ ತಡೆಯುವ ಗಡಸುತನ. ಗೋಡೆಗೆ ಹಾಕುವ ಬೂದು ಬಣ್ಣದ ಎಸ್‌ಡಬ್ಲ್ಯೂಆರ್ ಪೈಪು ಲಾರಿ ಓಡಾಡುವ ಕಡೆ ಬೇಡ.
- ರಬ್ಬರ್ ರಿಂಗು ಪ್ರತಿ ಜಾಯಿಂಟಿಗೊಂದು, ಹೆಚ್ಚುವರಿ ನಾಲ್ಕು.
- ಮ್ಯಾನ್‌ಹೋಲ್ 5, ಪ್ರತಿ 30 ಮೀಟರಿಗೆ ಒಂದು. ಆಳ 1.65 ಮೀಟರಿನವರೆಗೆ 900 ಮಿ.ಮೀ. ವ್ಯಾಸ, ಅದಕ್ಕಿಂತ ಆಳವಾದರೆ 2.30ರವರೆಗೆ 1200 ಮಿ.ಮೀ. ನಮ್ಮ ಉದಾಹರಣೆಯಲ್ಲಿ ನೆಲ ಒಂದೇ ಸಮ ಇಳಿದರೆ ಮೊದಲ ಮೂರು ಚಿಕ್ಕವು, ಕೊನೆಯ ಎರಡು ದೊಡ್ಡವು.
- ಮುಚ್ಚಳ: ಬಡಾವಣೆಯ ರಸ್ತೆಗೆ ಎಚ್‌ಡಿ 20 (ಹೆವಿ ಡ್ಯೂಟಿ) ದರ್ಜೆ, ಭಾರಿ ವಾಹನಗಳ ರಸ್ತೆಗೆ ಇಎಚ್‌ಡಿ 35 (ಎಕ್ಸ್‌ಟ್ರಾ ಹೆವಿ ಡ್ಯೂಟಿ). ಅಗ್ಗದ ಮುಚ್ಚಳ ಒಂದು ಕಾಂಕ್ರೀಟ್ ಮಿಕ್ಸರ್ ಲಾರಿಗೆ ಮುಗಿಯಿತು.
- ಪೈಪಿನ ಹಾಸಿಗೆಗೆ ಎಂ ಸ್ಯಾಂಡ್.

6. ಅಗೆತ ಮತ್ತು ಜೋಡಣೆ

ಕೆಲಸ ತಗ್ಗಿನಿಂದ ಎತ್ತರಕ್ಕೆ. ನಗರದ ಮ್ಯಾನ್‌ಹೋಲಿನ ಕಡೆಯಿಂದ ಶುರುಮಾಡಿ ಟ್ಯಾಂಕಿನ ಕಡೆಗೆ ಬನ್ನಿ. ಮೇಲಿಂದ ಶುರುಮಾಡಿದವರು ಕೊನೆಗೆ ಬಂದು ನಾಲ್ಕು ಬೆರಳು ತಗ್ಗಾಯಿತೆಂದು ತಲೆ ಚಚ್ಚಿಕೊಳ್ಳುತ್ತಾರೆ.

ಕಾಲುವೆ ಸುಮಾರು 60 ಸೆಂ.ಮೀ. ಅಗಲ. ಒಂದೂವರೆ ಮೀಟರಿಗಿಂತ ಆಳ ಹೋದಲ್ಲಿ ಎರಡೂ ಬದಿಗೆ ಹಲಗೆ ಕೊಟ್ಟು ನಡುವೆ ಅಡ್ಡತೊಲೆ ಬಿಗಿಯಿರಿ. ಅಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರ್ ದೂರ ಹಾಕಿ. ಮಣ್ಣು ಕುಸಿದು ಸಾಯುವುದು ಆಳವಾದ ಕಾಲುವೆಯಲ್ಲೇ ಎಂದೇನಿಲ್ಲ, ಎದೆಮಟ್ಟ ಹೂತರೂ ಉಸಿರು ನಿಲ್ಲುತ್ತದೆ. ತಳಕ್ಕೆ 10 ಸೆಂ.ಮೀ. ಮರಳು ಹಾಸಿ, ಪೈಪಿನ ದಪ್ಪ ಬಾಯಿ ಎತ್ತರದ ಕಡೆಗೆ ಬರುವಂತೆ ಇಡಿ. ರಿಂಗಿಗೆ ಸೋಪಿನ ನೀರು ಹಚ್ಚಿ, ಎಣ್ಣೆ ಅಥವಾ ಗ್ರೀಸ್ ಬೇಡ, ರಬ್ಬರು ಉಬ್ಬುತ್ತದೆ.

ವಾಟ ನೋಡಲು ಒಂದು ಸುಲಭ ಉಪಾಯ: ಒಂದು ಮೀಟರಿನ ನೇರ ಪಟ್ಟಿಯ ತಗ್ಗಿನ ತುದಿಯ ಕೆಳಗೆ 1 ಸೆಂ.ಮೀ. ದಪ್ಪದ ಚೂರು ಅಂಟಿಸಿ ಪೈಪಿನ ಮೇಲಿಡಿ. ಮೇಲಿಟ್ಟ ಸ್ಪಿರಿಟ್ ಲೆವೆಲಿನ ಗುಳ್ಳೆ ನಡುವೆ ನಿಂತರೆ ನೂರಕ್ಕೆ ಒಂದು ಸರಿಯಾಗಿದೆ. ಇಡೀ ಪೈಪಿಗೆ ಲೆಕ್ಕ 6 ಸೆಂ.ಮೀ. ಮೇಸ್ತ್ರಿ "ಕಣ್ಣಳತೆ ಸಾಕು" ಎಂದರೆ ಒಪ್ಪಬೇಡಿ.

ಕುಡಿಯುವ ನೀರಿನ ಪೈಪಿನಿಂದ 3 ಮೀಟರ್ ದೂರವಿರಲಿ. ಕಿರಿದಾದ ರಸ್ತೆಯಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಎದುರು ಬದಿ ಹಿಡಿಯಿರಿ. ಅಡ್ಡ ದಾಟುವ ಕಡೆ ನೀರಿನ ಪೈಪು ಮೇಲೆ, ಕೊಳಚೆಯದು ಕನಿಷ್ಠ ಅರ್ಧ ಮೀಟರ್ ಕೆಳಗೆ. ದಿನ ಬಿಟ್ಟು ದಿನ ನೀರು ಬರುವ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ: ನೀರು ನಿಂತಾಗ ಖಾಲಿ ಪೈಪು ಸುತ್ತಲಿನ ತೇವವನ್ನು ಒಳಗೆಳೆದುಕೊಳ್ಳುತ್ತದೆ.

ಮ್ಯಾನ್‌ಹೋಲಿನ ತಳವನ್ನು ಚಪ್ಪಟೆ ಬಿಡಬಾರದು. ಪೈಪಿನಿಂದ ಪೈಪಿಗೆ ಅರ್ಧಚಂದ್ರದ ಕಾಲುವೆ ಮಾಡಿ, ಎರಡೂ ಬದಿ ಅದರ ಕಡೆಗೆ ಇಳಿಜಾರಾಗಿ ಗಾರೆ ಮಾಡಿಸಿ. ಇದಕ್ಕೆ ಬೆಂಚಿಂಗ್ ಎನ್ನುತ್ತಾರೆ. ಇದು ಇಲ್ಲದ ಮ್ಯಾನ್‌ಹೋಲ್ ಚಿಕ್ಕ ಸೆಪ್ಟಿಕ್ ಟ್ಯಾಂಕೇ ಸರಿ. ನಿಮ್ಮ ಪೈಪು ನಗರದ್ದಕ್ಕಿಂತ 60 ಸೆಂ.ಮೀ.ಗೂ ಹೆಚ್ಚು ಎತ್ತರದಲ್ಲಿ ಬಂದು ಸೇರುವುದಾದರೆ ನೀರು ಧುಮುಕಲು ಬಿಡದೆ, ಹೊರಗಿನಿಂದ ನಿಲುವು ಪೈಪು ಇಳಿಸಿ ತಳದಲ್ಲಿ ಸೇರಿಸಬೇಕು.

ಮಣ್ಣು ಮುಚ್ಚುವ ಮೊದಲು ಮೂರು ಪರೀಕ್ಷೆ. ಒಂದು ತುದಿಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಕನ್ನಡಿ: ಪೂರ್ತಿ ವೃತ್ತ ಕಾಣಬೇಕು. ಪೈಪಿನ ಒಳವ್ಯಾಸಕ್ಕಿಂತ 13 ಮಿ.ಮೀ. ಚಿಕ್ಕದಾದ ನುಣುಪು ಚೆಂಡು, ಇಲ್ಲಿ ಸುಮಾರು 137 ಮಿ.ಮೀ.ಯದು, ಮೇಲಿಂದ ಬಿಟ್ಟರೆ ಕೆಳಗೆ ಬರಬೇಕು. ಕೊನೆಗೆ ತಗ್ಗಿನ ತುದಿ ಮುಚ್ಚಿ ಮೇಲಿನ ಮ್ಯಾನ್‌ಹೋಲಿನವರೆಗೆ ನೀರು ತುಂಬಿ ಅರ್ಧ ಗಂಟೆ ಬಿಡಿ, ಮಟ್ಟ ಇಳಿದರೆ ಜಾಯಿಂಟು ಹುಡುಕಿ. ಗುತ್ತಿಗೆದಾರರ ಕೊನೆಯ ಕಂತಿನ ಹಣವನ್ನು ಈ ಪರೀಕ್ಷೆಗಳು ಮುಗಿಯುವವರೆಗೆ ಹಿಡಿದಿಡಿ.

7. ಮನೆಯ ಕಡೆ

ಕಾಂಪೌಂಡಿನೊಳಗೆ ಒಂದು ಚೇಂಬರ್, ಅಲ್ಲಿಂದ 110 ಮಿ.ಮೀ. ಪೈಪು ನಲವತ್ತಕ್ಕೆ ಒಂದರ ವಾಟದಲ್ಲಿ. ಅಡುಗೆಮನೆ, ಬಚ್ಚಲ ನೀರು ಗಲ್ಲಿ ಟ್ರ್ಯಾಪ್ ಮೂಲಕ ಬರಲಿ. ಅದರೊಳಗೆ ನಿಂತ ನೀರೇ ದುರ್ವಾಸನೆಗೆ ಬೀಗ. ಇದುವರೆಗೆ ಟ್ಯಾಂಕಿನ ವೆಂಟ್ ಪೈಪು ಒಂದೇ ಗಾಳಿ ಬಿಡುತ್ತಿದ್ದರೆ, ಇನ್ನು ಪ್ರತಿ ಮನೆಗೂ ಮಹಡಿ ದಾಟುವ ವೆಂಟ್ ಬೇಕು. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ತಗ್ಗಿನಲ್ಲಿ ಶೌಚಾಲಯ ಇರುವ ಮನೆಗಳಿಗೆ ನೀರು ಹಿಂದಿರುಗದಂತೆ ತಡೆಯುವ ವಾಲ್ವ್ ಕಡ್ಡಾಯ ಎಂದೇ ತಿಳಿಯಿರಿ.

8. ತಿರುಗಿಸುವ ದಿನ

ಮಳೆ ಇಲ್ಲದ ವಾರ, ಬೆಳಿಗ್ಗೆ ಹತ್ತರ ಮೇಲೆ. ನಾಲ್ಕು ಗಂಟೆ ನೀರು ಕಡಿಮೆ ಬಳಸಲು ಹಿಂದಿನ ದಿನವೇ ಮನೆಮನೆಗೆ ಹೇಳಿ. ಕೊಳಚೆ ಹೀರುವ ಸಕ್ಕಿಂಗ್ ಲಾರಿ ಪಕ್ಕದಲ್ಲೇ ನಿಂತಿರಲಿ. ನಗರದ ಮ್ಯಾನ್‌ಹೋಲಿಗೆ ತೂತು ಕೊರೆದು ಸೇರಿಸುವುದು ಮಂಡಳಿಯವರ ಮೇಲ್ವಿಚಾರಣೆಯಲ್ಲೇ ಆಗಬೇಕು. ನಡುಪೈಪಿಗೆ ತೂತು ಹೊಡೆದು ಸೇರಿಸಲು ಬಿಡಬೇಡಿ. ಸಂಪರ್ಕ ಆದ ಮೇಲೆ ಟ್ಯಾಂಕಿನ ಇನ್‌ಲೆಟ್ಟನ್ನು ಇಟ್ಟಿಗೆ, ಗಾರೆಯಿಂದ ಮುಚ್ಚಿ, ಎರಡು ದಿನ ನೋಡಿ.

ಯಾರನ್ನೂ ಟ್ಯಾಂಕಿಗಾಗಲಿ ಮ್ಯಾನ್‌ಹೋಲಿಗಾಗಲಿ ಇಳಿಸಬೇಡಿ. "ಐದೇ ನಿಮಿಷ" ಎಂದರೂ ಬೇಡ. ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಹೆಚ್ಚಾದಾಗ ಮೂಗಿಗೇ ಜೋಮು ಹಿಡಿಯುತ್ತದೆ, ವಾಸನೆ ನಿಂತಿತು ಎಂದುಕೊಂಡವನು ಕುಸಿಯುತ್ತಾನೆ, ಎತ್ತಲು ಇಳಿದವನೂ ಕುಸಿಯುತ್ತಾನೆ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸುವ 2013ರ ಕಾಯ್ದೆಯಂತೆ ಸುರಕ್ಷಾ ಸಲಕರಣೆಗಳಿಲ್ಲದೆ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸಿ ಸ್ವಚ್ಛ ಮಾಡಿಸುವುದು ಅಪರಾಧ. ಮೊದಲ ಬಾರಿಗೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಂಥ ಸಾವುಗಳಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿದೆ. ಕೆಲಸ ಕೊಟ್ಟ ಸಂಘದ ಪದಾಧಿಕಾರಿಗಳೂ ಪ್ರಕರಣದಲ್ಲಿ ಸಿಕ್ಕಿಕೊಳ್ಳಬಹುದು. ಬೀಡಿ, ಬೆಂಕಿಕಡ್ಡಿ ಕೂಡ ದೂರ. ಗಾಳಿಯಲ್ಲಿ ಮಿಥೇನ್ ಶೇ. 5 ದಾಟಿದರೆ ಕಿಡಿ ಸಾಕು.

9. ಹಳೆಯ ಟ್ಯಾಂಕನ್ನು ಕೊಲ್ಲುವುದು

ಬಳಕೆ ನಿಂತ ಟ್ಯಾಂಕ್ ಬಳಕೆಯಲ್ಲಿದ್ದುದಕ್ಕಿಂತ ಅಪಾಯ. ಚಪ್ಪಡಿ ಸವೆದು ಎಂದೋ ಒಂದು ದಿನ ಮಗುವೋ ಹಸುವೋ ಒಳಗೆ ಬೀಳುತ್ತದೆ. 6 ಮೀಟರ್ ಉದ್ದ, 2.5 ಅಗಲ, 2 ಮೀಟರ್ ಆಳದ ಟ್ಯಾಂಕಿನಲ್ಲಿ 30,000 ಲೀಟರ್ ಹಿಡಿಸುತ್ತದೆ. 4,000 ಲೀಟರಿನ ಲಾರಿಗೆ ಏಳೆಂಟು ಸುತ್ತು. ಕೆಸರನ್ನು ಎಲ್ಲಿ ಸುರಿಯುತ್ತಾರೆ ಎಂದು ಕೇಳಿ, ರಸೀದಿ ಪಡೆಯಿರಿ. ಅದು ಸಂಸ್ಕರಣಾ ಘಟಕಕ್ಕೇ ಹೋಗಬೇಕು; ದೇವನಹಳ್ಳಿಯಲ್ಲಿ 2015ರಿಂದ ಇರುವಂಥ ಮಲಕೆಸರು ಘಟಕಗಳು ಇದಕ್ಕೇ ಆದವು.

ಖಾಲಿಯಾದ ಮೇಲೆ ಚಪ್ಪಡಿ ತೆಗೆಸಿ, ಒಂದು ವಾರ ಬಿಸಿಲಿಗೆ ಬಿಟ್ಟು, ಸುತ್ತ ಬೇಲಿ ಕಟ್ಟಿ. ಸುಣ್ಣ ಹರಡಿ. ತಳವನ್ನು ಜೆಸಿಬಿಯ ಬ್ರೇಕರಿನಿಂದ ಮೂರ್ನಾಲ್ಕು ಕಡೆ ಒಡೆಸಿ, ಇಲ್ಲದಿದ್ದರೆ ಮಳೆನೀರು ನಿಂತು ಮೇಲಿನ ಮಣ್ಣು ಕೆಸರಾಗುತ್ತದೆ. ಕೆಳಗೆ ಅರ್ಧ ಮೀಟರ್ ಜೆಲ್ಲಿ ಅಥವಾ ಇಟ್ಟಿಗೆ ಚೂರು, ಮೇಲೆ 30 ಸೆಂ.ಮೀ. ಪದರ ಪದರವಾಗಿ ಮಣ್ಣು, ಪ್ರತಿ ಪದರಕ್ಕೂ ನೀರು ಹಾಕಿ ದಿಮ್ಮಸು. ಒಟ್ಟು 30 ಘನ ಮೀಟರಿಗೆ ಕುಗ್ಗುವ ಲೆಕ್ಕ ಸೇರಿ 38 ತರಿಸಿ, ಅಂದರೆ ನೂರು ಘನ ಅಡಿಯ ಟ್ರ್ಯಾಕ್ಟರಿನಲ್ಲಿ 13-14 ಲೋಡು. ಇಂಗುಗುಂಡಿಗೂ ಇದೇ ಶಾಸ್ತ್ರ. ಟ್ಯಾಂಕನ್ನೇ ಮಳೆನೀರಿನ ಸಂಪು ಮಾಡೋಣ ಎಂಬ ಆಸೆ ಕೆಲವರಿಗೆ ಬರುತ್ತದೆ. ವರ್ಷಗಟ್ಟಲೆ ಆಮ್ಲ ತಿಂದ ಗೋಡೆ ಅದು, ಬೇಡ. ಮುಚ್ಚಿದ ಜಾಗದ ಮೇಲೆ ಒಂದು ಮಳೆಗಾಲ ಕಳೆಯುವವರೆಗೆ ಕಟ್ಟಡವೂ ಬೇಡ, ಕುಸಿದಷ್ಟು ಮಣ್ಣು ಮತ್ತೆ ತುಂಬಿ.

10. ಉಳಿದ ಕಾಗದ

ಪೈಪು ನಿಜವಾಗಿ ಎಲ್ಲಿ ಹೋಗಿದೆಯೋ ಅದರ ನಕ್ಷೆ ಮಾಡಿಸಿ: ಪ್ರತಿ ಮ್ಯಾನ್‌ಹೋಲ್ ಯಾವ ಕಾಂಪೌಂಡ್ ಗೋಡೆಯಿಂದ ಎಷ್ಟು ಮೀಟರ್, ಎಷ್ಟು ಆಳ, ಕವಲುಗಳು ಎಲ್ಲಿ. ಒಂದು ಪ್ರತಿ ಮಂಡಳಿಗೆ, ಒಂದು ಸಂಘದ ಕಡತಕ್ಕೆ, ಒಂದು ಫೋಟೊ ಎಲ್ಲರ ಮೊಬೈಲಿಗೆ. ಒಳರಸ್ತೆ ಹಸ್ತಾಂತರ ಆಗದ ಬಡಾವಣೆಯಾದರೆ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ ಏಪ್ರಿಲಿನಲ್ಲಿ, ಜೆಟ್ಟಿಂಗ್ ಮಾಡಿಸಲು ಹಣ ಎತ್ತಿಡಿ. ಬೆಂಗಳೂರಿನಲ್ಲಿ ನಗರದ ಕಡೆಯ ಮ್ಯಾನ್‌ಹೋಲ್ ಉಕ್ಕಿದರೆ ಜಲಮಂಡಳಿಯ 1916ಕ್ಕೆ ದೂರು ಕೊಡಿ. ಕರೆ ಮಾಡುವ ಮುಂಚೆ ನಿಮ್ಮ ಕೊನೆಯ ಮ್ಯಾನ್‌ಹೋಲಿನ ಮುಚ್ಚಳವನ್ನು ಪ್ಲಂಬರಿನಿಂದ ತೆಗೆಸಿ ನೋಡಿ: ಅಲ್ಲಿ ನೀರು ನಿಂತಿದ್ದರೆ ಅಡಚಣೆ ನಗರದ ಕಡೆ, ಅದು ಖಾಲಿಯಿದ್ದು ಮೇಲಿನದು ತುಂಬಿದ್ದರೆ ನಿಮ್ಮ ಪೈಪಿನಲ್ಲಿ.